ಮೊಲ್ಲೆಂ ಕಾಡಾಗ ಗಂಡ ಹೆಂಡ್ತಿ ಎರಡು ದಿನ: ಹೆಂಗ ಹೋಗೂದು, ಏನ ನೋಡೂದು, ಏನ ಬಿಡೂದು

ಗೋವಾದಾಗ ಇರೂ ನಮ್ಮ ಕಡಿ ಮಂದಿಗೆ ವೀಕೆಂಡ್ ಅಂದ್ರ ಎರಡ ಗೊತ್ತು ನೋಡ್ರಿ. ಒಂದು ಬೀಚಿಗೆ ಹೋಗೂದು, ಇನ್ನೊಂದು ಊರಿಂದ ಬಂದ ಬೀಗರನ್ನ ಬೀಚಿಗೆ ಕರ್ಕೊಂಡ ಹೋಗೂದು. ವಾಸ್ಕೊ, ಮಡಗಾಂವ, ಫೋಂಡಾದಾಗ ಇದ್ದು ಬೆಳಗಾವಿ ಹುಬ್ಬಳ್ಳಿಗೆ ಅನಮೋಡ ಘಾಟ ಹತ್ತಿ ಹೋಗಾವ್ರು ಎಷ್ಟ ಜನ ಅದಾರ, ಆ ದಾರಿ ಒಂದು ನ್ಯಾಷನಲ್ ಪಾರ್ಕಿನ ನಡುವಿಂದ ಹಾದು ಹೋಗತೈತಿ ಅನ್ನೂದು ಭಾಳ ಜನಕ್ಕ ಗೊತ್ತ ಇರೂದಿಲ್ಲ, ಯಾಕಂದ್ರ ಆ ಹೊತ್ತಿಗೆ ಬಸ್ಸಿನ್ಯಾಗ ಎಲ್ಲಾರೂ ಬಾಯಿ ತಕ್ಕೊಂಡು ಮಲಗಿರ್ತಾರ.

ಅದ ಮೊಲ್ಲೆಂ. ಭಗವಾನ್ ಮಹಾವೀರ ಅಭಯಾರಣ್ಯ ಅಂತ ಬೋರ್ಡ್ ಕಾಣತೈತಿ, ಎಲ್ಲಾ ಸೇರಿ ಸುಮಾರು 240 ಚದರ ಕಿಲೋಮೀಟರ್ ಕಾಡು, ಅದರ ನಡುವಿನ 107 ಚದರ ಕಿಲೋಮೀಟರನ್ನ 1978ರಾಗ ನ್ಯಾಷನಲ್ ಪಾರ್ಕ್ ಅಂತ ಮಾಡ್ಯಾರ. ಗಡಿ ದಾಟಿದ್ರ ನಮ್ಮ ಕಾಳಿ ಹುಲಿ ಮೀಸಲು ಕಾಡು ಶುರು, ಅಂದ್ರ ದಾಂಡೇಲಿ, ಅಣಶಿ, ಕ್ಯಾಸಲ್‌ರಾಕ್ ಎಲ್ಲಾ ಒಂದ ಕಾಡಿನ ತುಂಡು. ಕಾಟಿಗೆ (ಅಂದ್ರ ಕಾಡೆಮ್ಮಿಗೆ), ಮಂಗಟ್ಟೆ ಹಕ್ಕಿಗೆ (ಹಾರ್ನ್‌ಬಿಲ್ಲಿಗೆ) ಗೋವಾ ಯಾವುದು ಕರ್ನಾಟಕ ಯಾವುದು ಅಂತ ಏನ್ ಗೊತ್ತೈತಿ.

ನಾನೂ ನಮ್ಮನಿಯವ್ರೂ ವಾಸ್ಕೊದಾಗ ಇರ್ತೇವಿ, ಇಲ್ಲಿಗೆ ಆಗಾಗ ಹೋಗ್ತೇವಿ. ಗೆಳತ್ಯಾರು "ಹೆಂಗ ಪ್ಲ್ಯಾನ್ ಮಾಡೂದು ಬರದ ಕಳಸ" ಅಂತ ಗಂಟ ಬಿದ್ದಾರ, ಅದಕ್ಕ ಎಲ್ಲಾ ಒಂದ ಕಡೆ ಹೇಳಿಬಿಡ್ತೇನಿ. ಮೊದಲ ನನ್ನ ಅಭಿಪ್ರಾಯ ಹೇಳ್ತೇನಿ, ಒಪ್ಪೂದು ಬಿಡೂದು ನಿಮಗ ಬಿಟ್ಟದ್ದು: ಕಾಡು ನೋಡಾಕ ಇಬ್ಬರ ಅನ್ನೂದು ಸರಿಯಾದ ಲೆಕ್ಕ. ಹತ್ತು ಜನರ ಗ್ಯಾಂಗ್ ಹೋದ್ರ ಪ್ರಾಣಿ ಅಲ್ಲ, ಇರಬಿ ಸುದ್ದಾ ಕಾಣೂದಿಲ್ಲ. ಒಬ್ಬರ ಹೋದ್ರ ಕಾಡಾಗ ಸೇಫ್ ಅಲ್ಲ. ಇಬ್ಬರು ಇದ್ರ ಒಬ್ಬರ ಕಣ್ಣು ಮ್ಯಾಲ ಗಿಡದ ತುದಿಗೆ, ಇನ್ನೊಬ್ಬರ ಕಣ್ಣು ಕೆಳಗ ದಾರಿ ಮ್ಯಾಲ. ಈ ಕೆಲಸ ಹಂಚಿಕೊಂಡ್ರ ಅರ್ಧ ಗೆದ್ದಂಗ.

ಯಾವಾಗ ಹೋಗೂದು

ನವೆಂಬರ್‌ದಿಂದ ಫೆಬ್ರವರಿ ತನಕ ಬೆಸ್ಟ್. ಮುಂಜಾನಿ ತಂಪ ಇರತೈತಿ, ಹೊಳಿ ಹಳ್ಳದಾಗ ನೀರು ಇರತೈತಿ, ದಾರಿ ಒಣಗಿರತೈತಿ, ವಲಸೆ ಹಕ್ಕಿನೂ ಬಂದಿರ್ತಾವ. ಅಕ್ಟೋಬರ್‌ದಾಗ ಚಿಟ್ಟಿ ಭಾಳ, ಆದ್ರ ಆಗೊಮ್ಮೆ ಈಗೊಮ್ಮೆ ಮಳಿ ಹೊಡಿತೈತಿ. ಮಾರ್ಚ್ ಏಪ್ರಿಲ್ ಸೆಕಿ ತಡಿಯಾಕ ಆಗೂದಿಲ್ಲ, ಆದ್ರ ಒಂದ ಲಾಭ, ಹಳ್ಳ ಎಲ್ಲಾ ಬತ್ತಿ ಅಲ್ಲೊಂದು ಇಲ್ಲೊಂದು ಗುಂಡಿ ನೀರು ಉಳಿದಿರತೈತಿ, ಪ್ರಾಣಿ ಅಲ್ಲಿಗೆ ಬರಾಕ ಬೇಕು. ಮೇ ಕಡೀಗೆ ಮೊದಲ ಮಳಿ ಹನಿಯೂ ಮುಂಚೆ ಮಿಂಚುಹುಳ.

ಮಳಿಗಾಲ ಜೂನ್‌ದಿಂದ ಸೆಪ್ಟೆಂಬರ್ ಅಂತೂ ಕಾಡು ಅಂದ್ರ ಕಾಡು, ಕಪ್ಪಿ, ಹಾವು, ರಾತ್ರಿ ಕತ್ತಲದಾಗ ಹಸಿರ ಬೆಳಕ ಬಿಡೂ ಅಣಬಿ ಸುದ್ದಾ ಇಲ್ಲಿ ಸಿಗತಾವ. ಆದ್ರ ಮೊದಲ ಸಲ ಹೋಗಾವ್ರು ಮಳಿಗಾಲ ಬಿಟ್ಟ ಬಿಡ್ರಿ. ದೂಧಸಾಗರ ಫಾಲ್ಸಿಗೆ ಹೋಗೂ ಜೀಪ್ ಬಂದ್, ಹಳ್ಳ ಯಾವಾಗ ಏರತೈತಿ ಗೊತ್ತಾಗೂದಿಲ್ಲ, ಭಾಳಷ್ಟು ಫಾಲ್ಸಿಗೆ ಫಾರೆಸ್ಟ್‌ನವ್ರು ಬಿಡೂದಿಲ್ಲ. ಇನ್ನ ಕೆಲವ್ರು ರೈಲ್ವೆ ಹಳಿ ಹಿಡಿದು ನಡ್ಕೊಂಡ ಹೋಗ್ತಾರಲ್ಲ, ಅದು ಕಾನೂನಿಗೆ ವಿರುದ್ಧ. 2023ರ ಜುಲೈದಾಗ ಹಂಗ ಹೋದ ಮಂದಿಗೆ ರೈಲ್ವೆ ಪೊಲೀಸ್ರು ಹಳಿ ಮ್ಯಾಲ ಬಸ್ಕಿ ಹೊಡಿಸಿದ ವಿಡಿಯೋ ಎಲ್ಲಾರ ಮೊಬೈಲಿಗೂ ಬಂದಿತ್ತು. ಗಂಡನ ಮುಂದ ಬಸ್ಕಿ ಹೊಡಿಯೂದು, ಹೆಂಡ್ತಿ ಮುಂದ ಬಸ್ಕಿ ಹೊಡಿಯೂದು, ಎರಡೂ ಬ್ಯಾಡ.

ಹೋಗೂ ದಾರಿ, ಉಳಿಯೂ ಜಾಗ

ಪಣಜಿ ಕಡಿಂದ ಬರಾವ್ರು ಫೋಂಡಾ ಮ್ಯಾಲ ಹಾದು ಮೊಲ್ಲೆಂ, ಸುಮಾರು ಎರಡು ತಾಸಿನ ಒಳಗ. ಮಡಗಾಂವ ಕಡಿಂದ ಸಾವರ್ಡೆ, ಅಲ್ಲಿಂದ ಕುಳೆಂ. ರೈಲಿಗೆ ಹೋಗಾವ್ರು ವಾಸ್ಕೊ ಕುಳೆಂ ಪ್ಯಾಸೆಂಜರ್ ಹಿಡಿದ್ರ ಆರಾಮ. ಕುಳೆಂ ಸ್ಟೇಷನ್ನಾಗ ದೊಡ್ಡ ಗಾಡಿಗೂಳು ನಿಂತಾಗ ಒಂದು ಮಜಾ ನೋಡ್ರಿ, ಘಾಟ ಹತ್ತಾಕ ಗಾಡಿ ಹಿಂದ ಇನ್ನೂ ಎಂಜಿನ್ ಜೋಡಸ್ತಾರ. ಅಲ್ಲಿಂದ ಕ್ಯಾಸಲ್‌ರಾಕ್ ತನಕ 37 ಅಡಿ ಹೋದ್ರ ಒಂದಡಿ ಏರು, ರೈಲಿಗೆ ಅದು ಭಾಳ ಕಡಿದು. ಈ ಲೈನ್ ಪೋರ್ಚುಗೀಸರ ಕಾಲದ್ದು, 1880ರ ದಶಕದಾಗ ಹಾಕಿದ್ದು. ಇದನ್ನ ಡಬಲ್ ಮಾಡಾಕ, ಹೈವೇ ಅಗಲ ಮಾಡಾಕ, ಕರೆಂಟ್ ಲೈನ್ ಎಳಿಯಾಕ ಅಂತ ಮೂರು ಪ್ರಾಜೆಕ್ಟ್ ಬಂದಾಗ 2020ರಾಗ ಗೋವಾ ಮಂದಿ ಭಾಳ ಜೋರಾಗಿ ಎದ್ದರು, ಡಬಲ್ ಲೈನಿಗೆ ಕೊಟ್ಟಿದ್ದ ಒಪ್ಪಿಗಿನ ಸುಪ್ರೀಂ ಕೋರ್ಟ್ 2022ರ ಮೇದಾಗ ತೆಗದ ಹಾಕ್ತು. ಊರಿನ ಹೋಟೆಲಿನ್ಯಾಗ ಈ ಮಾತು ಬಂದ್ರ ಸುಮ್ನ ಕೇಳ್ಕೋರಿ, ಎರಡೂ ಕಡಿ ಮಾತಾಡಾವ್ರು ಅದಾರ. ಮತ್ತ ನೀವು ಕನ್ನಡದವ್ರು ಅಂತ ಗೊತ್ತಾದ ಕೂಡಲೆ ಮಹದಾಯಿ ನೀರಿನ ಮಾತು ತೆಗೀತಾರ, ಅದಕ್ಕೂ ನಕ್ಕು ಚಾ ಕುಡೀರಿ, ಗಂಟಿ ಹಾಳ ಮಾಡ್ಕೋಬ್ಯಾಡ್ರಿ.

ನನ್ನ ಸಲಹೆ ಸ್ವಂತ ಬೈಕೋ ಕಾರೋ ಇದ್ರ ಒಳ್ಳೇದು, ಯಾಕಂದ್ರ ಮೊಲ್ಲೆಂದಿಂದ ಹಳೇ ಮಹಾದೇವರ ಗುಡಿ ಇರೂ ತಾಂಬ್ಡಿ ಸುರ್ಲಾಕ್ಕ ನಸುಕಿನ್ಯಾಗ ಬಸ್ಸು ನೆಚ್ಚಿಕೊಂಡ್ರ ಹಕ್ಕಿ ಎಲ್ಲಾ ಊಟ ಮಾಡಿ ಮಲಗಿದ ಮ್ಯಾಲ ಮುಟ್ತೀರಿ. ಫೋಂಡಾದಾಗ ಪೆಟ್ರೋಲ್ ತುಂಬಿಸ್ಕೋರಿ, ಎಟಿಎಮ್ ಕೆಲಸನೂ ಅಲ್ಲೇ ಮುಗಿಸ್ರಿ, ನೆಟ್‌ವರ್ಕ್ ಇಲ್ಲದ ಜಾಗದಾಗ ಫೋನ್‌ಪೇ ಅಂತ ನಿಂತ್ರ ಜೀಪಿನಾಂವ ನಗತಾನ.

ಶುಕ್ರವಾರ ರಾತ್ರಿನ ಹೋಗಿ ಉಳಕೋರಿ. ಶನಿವಾರ ಮುಂಜಾನಿ ಮನಿಂದ ಹೊರಟು ಹೋಗ್ತೇವಿ ಅನ್ನೂದು ಹೇಳಾಕಷ್ಟ ಛಲೋ, ನಮ್ಮನಿಯವ್ರಿಗೆ ಬೂಟಿನ ಲೇಸ್ ಕಟ್ಟಾಕ ಅರ್ಧ ತಾಸ ಬೇಕು. ಮೊಲ್ಲೆಂ ಕುಳೆಂ ಸುತ್ತ ಫಾರೆಸ್ಟ್‌ನವರ ಕಾಟೇಜ್, ಸಣ್ಣ ಲಾಡ್ಜ್, ಹೋಮ್‌ಸ್ಟೇ, ಹಕ್ಕಿ ನೋಡಾವ್ರಿಗಂತನ ಇರೂ ಕ್ಯಾಂಪು ಎಲ್ಲಾ ಅದಾವ. ಡಿಸೆಂಬರ್ ರಜಾಕ್ಕ ಭಾಳ ಮುಂಚೆ ಬುಕ್ ಮಾಡಬೇಕು. ಇಬ್ಬರದೂ ಆಧಾರ್ ಕಾರ್ಡ್ ಒಯ್ಯಿರಿ, ಒಬ್ಬರದ ಸಾಕು ಅಂತ ತಿಳ್ಕೋಬ್ಯಾಡ್ರಿ. ರಾತ್ರಿ ಘಾಟ ರಸ್ತಾದಾಗ ಗಾಡಿ ಸಾವಕಾಶ ಓಡಸ್ರಿ, ಲೈಟ್ ಮುಂದ ಒಮ್ಮೆಲೆ ಕಾಟಿ ನಿಂತಿರತಾವ, ಕರೀ ಮೈ ಇರೂದ್ರಿಂದ ಹತ್ರ ಬರೂ ತನಕ ಕಾಣೂದಿಲ್ಲ.

ಬ್ಯಾಗಿನ್ಯಾಗ ಏನ ಇರಬೇಕು

ಬಟ್ಟಿ ಮಣ್ಣಿನ ಬಣ್ಣದ್ದು, ಹಸಿರು, ಬೂದಿ. ಬಿಳಿ ಟಿ-ಶರ್ಟ್ ಕೆಂಪ ಜಾಕೆಟ್ ಬ್ಯಾಡ. ಪೂರಾ ತೋಳಿನ ಶರ್ಟ್, ಪೂರಾ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸಿನ ಒಳಗ. ನೋಡಾಕ ಜೋಕರ್ ಹಂಗ ಕಾಣತೈತಿ, ಖರೆ, ಆದ್ರ ಉಣ್ಣಿ ಮತ್ತ ಜಿಗಳಿ ಎರಡಕ್ಕೂ ಅದ ಔಷಧ. ಸೆಂಟು ಹಾಕ್ಕೋಬ್ಯಾಡ್ರಿ. ಗ್ರಿಪ್ ಇರೂ ಬೂಟು, ಹಳೇ ಆದ್ರೂ ನಡೀತೈತಿ, ಹೊಸಾ ಬೂಟು ಕಾಡಾಗ ಮೊದಲ ಸಲ ಹಾಕೂದು ಶುದ್ಧ ಹುಚ್ಚತನ. ತಲಿಗೆ ಕಟ್ಟೂ ಟಾರ್ಚು, ಒಬ್ಬರಿಗೆ ಎರಡು ಲೀಟರ್ ನೀರು, ಓಆರ್‌ಎಸ್, ಬ್ಯಾಂಡೇಜು.

ಬೈನಾಕ್ಯುಲರ್ ಮಾತ್ರ ಎರಡು ತಗೋರಿ. 8x42 ಅಂತ ಬರತೈತಿ, ದಟ್ಟ ಕಾಡಿಗೆ ಅದ ಸೈ, ಹೆಚ್ಚು ಜೂಮ್ ಇದ್ದದ್ದು ಕೈ ನಡಗಿದ್ರ ಏನೂ ಕಾಣೂದಿಲ್ಲ. ಒಂದರಾಗ ಇಬ್ಬರು ಅಡ್ಜಸ್ಟ್ ಮಾಡ್ಕೋತೇವಿ ಅಂದ್ರ ನಾನು ಬರದ ಕೊಡ್ತೇನಿ, ಭೀಮರಾಜ ಹಕ್ಕಿ ಬಂದು ಕೂತ ಕೂಡಲೆ ಜಗಳ ಶುರು ಆಗತೈತಿ. ಒಂದ ಇದ್ರ ರೂಲ್ ಮಾಡ್ಕೋರಿ, ಯಾರು ಮೊದಲ ಹಕ್ಕಿ ಕಂಡ್ರೋ ಅವ್ರು ಬೈನಾಕ್ಯುಲರ್ ಇನ್ನೊಬ್ಬರ ಕೈಗೆ ಕೊಡಬೇಕು, ಯಾಕಂದ್ರ ಅವ್ರಿಗೆ ಬರೀ ಕಣ್ಣಿಗೆ ಆಗಲೇ ಸಿಕ್ಕೈತಿ.

ಮೊಬೈಲಿನ್ಯಾಗ ಮರ್ಲಿನ್ ಆ್ಯಪ್ ಹಾಕ್ಕೋರಿ, ಭಾರತದ ಪ್ಯಾಕ್ ಮನ್ಯಾಗ ವೈಫೈದಾಗ ಇಳಿಸಿಕೊಂಡ್ರ ನೆಟ್ ಇಲ್ಲದನೂ ಹಕ್ಕಿ ಕೂಗು ಕೇಳಿ ಅದರ ಹೆಸರು ಹೇಳತೈತಿ. ಆದ್ರ ಅದನ್ನ ಕೇಳಾಕಷ್ಟ ಬಳಸ್ರಿ, ಹಕ್ಕಿ ಕರಿಯಾಕ ಅದರ ಕೂಗು ಜೋರ್ ಹಚ್ಚೂದು ಪಾಪದ ಕೆಲಸ. ತನ್ನ ಜಾಗಕ್ಕ ಬ್ಯಾರೆ ಗಂಡು ಬಂತು ಅಂತ ಅದು ಮರಿ ಬಿಟ್ಟು ಓಡಿ ಬರತೈತಿ. ಕೆಲವು ಗೈಡುಗೂಳು ಟಿಪ್ಸಿನ ಆಸೇಕ್ಕ ಮಾಡ್ತಾರ, ನೀವ ಮೊದಲ ಬ್ಯಾಡ್ರಿ ಅಂತ ಹೇಳಿಬಿಡ್ರಿ.

ತಿನ್ನಾಕ ನಮ್ಮ ಕಡಕ ರೊಟ್ಟಿ ಶೇಂಗಾ ಚಟ್ನಿ ಆದ್ಮ್ಯಾಲ ಬ್ಯಾರೆ ಟ್ರೆಕ್ಕಿಂಗ್ ಫುಡ್ ಯಾತಕ್ಕ ಬೇಕು? ಕೆಡೂದಿಲ್ಲ, ಭಾರ ಇಲ್ಲ, ಪ್ಲಾಸ್ಟಿಕ್ ಕವರ್ ಇಲ್ಲ. ಆದ್ರ ಡಬ್ಬಿ ಬ್ಯಾಗಿನ ಒಳಗ ಇರ್ಲಿ. ದೂಧಸಾಗರದಾಗ ಮಂಗ್ಯಾಗೂಳು ಕೈಯಾಗಿನ ಚೀಲ ನೋಡಿ ಬರ್ತಾವ, ಕೊಡಲಿಲ್ಲ ಅಂದ್ರ ಕಸಗೋತಾವ.

ಶನಿವಾರ: ದೂಧಸಾಗರ ಮುಗಿಸಿಬಿಡ್ರಿ

ಎಲ್ಲಾರೂ ದೂಧಸಾಗರನ್ನ ಕಡೀಗೆ ಇಟ್ಕೋತಾರ, ನಾನು ಮೊದಲ ಮುಗಿಸ್ರಿ ಅಂತೇನಿ. ರವಿವಾರ ಬೆಳಗಾವಿ ಹುಬ್ಬಳ್ಳಿ ಪುಣೆ ಎಲ್ಲಾ ಅಲ್ಲೇ ಇಳಿದಿರತೈತಿ. ಶನಿವಾರ ಮೊದಲನೇ ಜೀಪಿನ ಲೈನಿನ್ಯಾಗ ನಿಂದರ್ರಿ.

ಜೀಪ್ ಕುಳೆಂದಿಂದ ಹೊರಡ್ತಾವ, ಸಾಮಾನ್ಯವಾಗಿ ಅಕ್ಟೋಬರ್‌ದಿಂದ ಮೇ ತನಕ. ಒಂದು ಜೀಪಿಗೆ ಏಳು ಜನ, ಇಬ್ಬರ ಇದ್ರ ಬ್ಯಾರೆಯವ್ರ ಜೋಡಿ ಸೇರಿಸಿ ಕಳಸ್ತಾರ, ಇಲ್ಲಂದ್ರ ಪೂರಾ ಜೀಪಿನ ರೊಕ್ಕ ನೀವ ಕೊಡಬೇಕು. ಸೇರ್ಕೊಂಡ ಹೋಗೂದ ಛಲೋ. ಫಾರೆಸ್ಟ್ ಫೀ, ಕ್ಯಾಮೆರಾ ಫೀ, ಲೈಫ್ ಜಾಕೆಟ್ ಬಾಡಗಿ ಬ್ಯಾರೆ ಬ್ಯಾರೆ. ಬುಕಿಂಗ್ ಆನ್‌ಲೈನೋ ಕೌಂಟರೋ ಅನ್ನೂದು ಬದಲಾಗ್ತಾ ಇರತೈತಿ, ಅದಕ್ಕ ನೀವು ಉಳಿಯೂ ಜಾಗದವ್ರನ್ನ ಹಿಂದಿನ ದಿನ ಕೇಳ್ರಿ, ಅವ್ರಿಗೆ ಖರೇ ಸುದ್ದಿ ಇರತೈತಿ. ರಸ್ತಾದಾಗ ನಿಂತು "ನಾನ ಟಿಕೆಟ್ ಕೊಡಸ್ತೇನಿ" ಅನ್ನಾವ್ರಿಗೆ ನಮಸ್ಕಾರ ಹೇಳಿ ಮುಂದ ಹೋಗ್ರಿ.

ಮುಕ್ಕಾಲ ತಾಸು ಜೀಪು ಕುಣೀತೈತಿ, ನಡುವ ಹಳ್ಳ ದಾಟತೈತಿ, ಬೆನ್ನ ನೋವು ಇದ್ದಾವ್ರು ಮುಂದಿನ ಸೀಟು ಕೇಳ್ಕೋರಿ. ಇಳದ ಮ್ಯಾಲ ಕಲ್ಲು ಬೇರಿನ ಮ್ಯಾಲ ಸ್ವಲ್ಪ ನಡಿಗಿ. ಎದುರಿಗೆ 310 ಮೀಟರ್ ಎತ್ತರದಿಂದ ನಾಲ್ಕು ಹಂತದಾಗ ನೀರು ಬೀಳತೈತಿ, ನಡುವ ರೈಲ್ವೆ ಸೇತುವಿ. ಗಾಡಿ ಬಂದ ಹೊತ್ತಿಗೆ ನೀವು ಅಲ್ಲಿದ್ರ ನಸೀಬು. ಜೀಪಿನವ್ರು ಒಂದೂವರಿ ತಾಸಿನ ಆಜೂಬಾಜು ಟೈಮ್ ಕೊಡ್ತಾರ, ಅಷ್ಟ ಸಾಕು. ನೀರಿಗೆ ಇಳಿದ್ರ ಲೈಫ್ ಜಾಕೆಟ್ ಹಾಕ್ಕೊಂಡ ಇಳೀರಿ, "ನನಗ ಊರ ಕೆರ್‍ಯಾಗ ಈಸ ಬರತೈತಿ" ಅನ್ನೂ ಗಂಡಂದ್ರಿಗೆ ವಿಶೇಷವಾಗಿ ಹೇಳ್ತೇನಿ, ಇಲ್ಲಿ ಕಲ್ಲು ಪಾಚಿ ಹಿಡಿದಿರತೈತಿ, ನೀರು ಮೈ ಕೊರಿಯೂ ತಂಪು.

ಫಾಲ್ಸಿಗಿಂತ ನನಗ ಇಷ್ಟ ಆಗೂದು ವಾಪಸ್ ಬಂದ ಮ್ಯಾಲಿನ ಸಂಜಿ. ಮಧ್ಯಾಹ್ನ ಊಟ ಮಾಡಿ ಒಂದ ನಿದ್ದಿ ಹೊಡೀರಿ, ಆ ಬಿಸಿಲಾಗ ಕಾಡು ಮಲಗಿರತೈತಿ, ನೀವೂ ಮಲಗ್ರಿ. ನಾಲ್ಕಕ್ಕ ಎದ್ದು ಮೊಲ್ಲೆಂ ಗೇಟಿಗೆ ಹೋಗಿ ಒಳಗ ಬಿಡೂ ಟೈಮು, ಯಾವ ದಾರಿ ತೆರದೈತಿ, ಗೈಡ್ ಬೇಕೋ ಏನು ಅಂತ ಕೇಳ್ರಿ. ಸನ್‌ಸೆಟ್ ಪಾಯಿಂಟು, ಡೆವಿಲ್ಸ್ ಕ್ಯಾನ್ಯನ್ ಅಂತ ಹೊಳಿ ಕಲ್ಲು ಕೊರದ ಜಾಗ, ಎರಡಕ್ಕೂ ಪರ್ಮಿಷನ್ ಬೇಕು. ಕ್ಯಾನ್ಯನ್ನಾಗ ಈಸಬ್ಯಾಡ್ರಿ, ಮ್ಯಾಲ ಸುಮ್ನ ಕಾಣತೈತಿ, ಒಳಗ ಸೆಳವು ಜೋರು.

ರವಿವಾರ: ತಾಂಬ್ಡಿ ಸುರ್ಲಾ, ಇದ ಅಸಲಿ

ನಸುಕಿನ್ಯಾಗ ಐದೂವರಿಗೆ ಹೊರಡ್ರಿ, ಬೆಳಕ ಹರಿಯೂ ಹೊತ್ತಿಗೆ ಬೋಳ್ಕೋರ್ಣೆ ದಾಟಿರಬೇಕು. ಗುಡಿ ಗೇಟ್ ತೆಗಿಯೂ ಮುಂಚೆ ರಸ್ತಾದಾಗ ಗಾಡಿ ಬದಿಗೆ ಹಚ್ಚಿ ನಡೀರಿ. ಡಾಂಬರ ರಸ್ತಾ ಅಂತ ಮೂಗು ಮುರಿಬ್ಯಾಡ್ರಿ, ಒಂದ ಕಡೆ ಅಡಕಿ ತೋಟ, ಇನ್ನೊಂದ ಕಡೆ ದಟ್ಟ ಕಾಡು, ಎರಡು ಕೂಡೂ ಅಂಚಿನ್ಯಾಗ ಹಕ್ಕಿ ಕಾಣೂದು ಹೆಚ್ಚು. ನಡಿಯೂದು ಅಂದ್ರ ವಾಕಿಂಗ್ ಅಲ್ಲ. ಇಪ್ಪತ್ತು ಹೆಜ್ಜಿ ಇಡ್ರಿ, ನಿಂದರ್ರಿ, ಕೇಳ್ರಿ, ಮತ್ತ ಇಪ್ಪತ್ತು ಹೆಜ್ಜಿ. ಒಂದು ಕಿಲೋಮೀಟರಿಗೆ ಎರಡು ತಾಸ ಹಿಡದ್ರೂ ತಪ್ಪಿಲ್ಲ.

ಮೊದಲ ಕಿವಿಗೆ ಬೀಳೂದು ಯಾರೋ ಸುಮ್ನ ಸೀಟಿ ಹೊಡಕೊಂಡ ಹೋದಂಗ ಒಂದು ದನಿ, ಅದು ಮಲಬಾರ್ ವಿಸ್ಲಿಂಗ್ ಥ್ರಶ್, ಹಳ್ಳದ ಕಲ್ಲಿನ ಮ್ಯಾಲ ಹುಡುಕ್ರಿ, ಕಡು ನೀಲಿ ಹಕ್ಕಿ. ಹಳದಿ ಮೈ, ಕರೀ ತಲಿ, ಗಂಟಲಾಗ ಕೆಂಪು ಇದ್ರ ಅದು ಗೋವಾದ ರಾಜ್ಯ ಪಕ್ಷಿ, ಒಂದು ಜಾತಿ ಪಿಕಳಾರ. ಭೀಮರಾಜ ಬ್ಯಾರೆ ಹಕ್ಕಿಗೂಳ ದನಿ ಕದ್ದು ಕೂಗಿ ನಿಮಗ ಟೋಪಿ ಹಾಕತೈತಿ, ಬಾಲದ ತುದಿಗೆ ಎರಡು ಉದ್ದ ಗರಿ ನೋಡಿದ್ರ ಗುರುತು ಸಿಗತೈತಿ. ಅಡಕಿ ಗಿಡದ ಬೊಡ್ಡಿ ಮ್ಯಾಲ ಹಾರೂ ಓತಿ ಇರತೈತಿ, ಗಂಡು ಗಂಟಲ ಕೆಳಗಿನ ಹಳದಿ ಚರ್ಮ ಆಗಾಗ ಬಿಚ್ಚಿ ಮುಚ್ಚಿ ಮಾಡತೈತಿ, ಅದು ಕಾಣಲಿಲ್ಲ ಅಂದ್ರ ಓತಿ ಕಾಣೂದ ಇಲ್ಲ, ತೊಗಟಿ ಯಾವುದು ಓತಿ ಯಾವುದು ಗೊತ್ತಾಗೂದಿಲ್ಲ. ಬಿಸಲೇರಿದ ಮ್ಯಾಲ ಒಂದು ಗಿಡದಿಂದ ಇನ್ನೊಂದಕ್ಕ ತೇಲಿ ಹೋಗೂದು ನೋಡಾಕ ಸಿಗತೈತಿ.

ಮಂಗಟ್ಟೆ ಹಕ್ಕಿ ನೋಡಬೇಕು ಅಂದ್ರ ಹಕ್ಕಿ ಹುಡುಕಬ್ಯಾಡ್ರಿ, ಹಣ್ಣ ಬಿಟ್ಟ ಆಲ, ಬಸರಿ, ಅತ್ತಿ ಗಿಡ ಹುಡುಕ್ರಿ. ಕೆಳಗ ಹಣ್ಣ ಬಿದ್ದು ಹುಳಿ ವಾಸನಿ ಬರತಿದ್ರ ಅಲ್ಲೇ ಒಂದು ಕಡೆ ಮರಿಯಾಗಿ ಕೂತು ಅರ್ಧ ತಾಸು ಬಾಯಿ ಮುಚ್ಕೊಂಡ ಇರ್ರಿ. ಮಂಗಟ್ಟೆ ಬರತಾವ, ಕೆಂದಳಿಲು ಬರತೈತಿ, ಹಸಿರ ಪಾರಿವಾಳ, ಮುಸ್ಯಾ ಎಲ್ಲಾ ಒಂದ ಗಿಡಕ್ಕ ಊಟಕ್ಕ ಬರ್ತಾವ. ದೊಡ್ಡ ಮಂಗಟ್ಟೆ ಹಾರಿ ಬಂದ್ರ ಕಾಣೂಕಿಂತ ಮೊದಲ ರೆಕ್ಕಿ ಸಪ್ಪಳ ಕೇಳತೈತಿ. ಜನವರಿ ದಾಟಿದ ಮ್ಯಾಲ ಗಂಡು ಒಂದ ಕಂಡ್ರ ಬೇಜಾರ ಮಾಡ್ಕೋಬ್ಯಾಡ್ರಿ, ಹೆಣ್ಣು ಗಿಡದ ಪೊಟರಿಯೊಳಗ ಹೋಗಿ ಬಾಗಲಾ ಮೆತ್ತಿಕೊಂಡು ತತ್ತಿ ಇಟ್ಟು ಕೂತಿರತೈತಿ, ಸಣ್ಣ ಸೀಳಿನಿಂದ ಗಂಡು ತಿಂಗಳಾನುಗಟ್ಟಲೆ ಹಣ್ಣು ತಂದು ತಂದು ಉಣಸ್ತೈತಿ. ನಮ್ಮನಿಯವ್ರಿಗೆ ಇದನ್ನ ನಾನು ಪ್ರತಿ ಸಲ ನೆನಪ ಮಾಡ್ತೇನಿ, ಅವ್ರು ಪ್ರತಿ ಸಲ ಕ್ಯಾಮೆರಾದ ಸೆಟ್ಟಿಂಗ್ ನೋಡ್ಕೋತಾರ. ಪೊಟರಿ ಗೂಡು ಕಂಡ್ರ ಹತ್ರ ಹೋಗಿ ನಿಂದರಬ್ಯಾಡ್ರಿ, ನೀವು ನಿಂತಿರೂ ತನಕ ಗಂಡು ಊಟ ತರೂದಿಲ್ಲ.

ಈಗ ಇಬ್ಬರ ನಡುವಿನ ಭಾಷಾ. ಕಾಡಾಗ ಆಗೂ ಜಗಳದಾಗ ಮುಕ್ಕಾಲು ಹಿಂಗ ಇರತಾವ: "ರೀ, ಅಲ್ನೋಡ್ರಿ." "ಎಲ್ಲೆ?" "ಅಲ್ಲೇರಿ." "ಎಲ್ಲೇ ಮಾರಾಯ್ತಿ?" "ಅಯ್ಯ, ಹಾರಿ ಹೋತು." ಇದಕ್ಕ ಉಪಾಯ ಐತಿ. ಮೊದಲ ಇಬ್ಬರಿಗೂ ಕಾಣೂ ಒಂದು ದೊಡ್ಡ ಗುರುತು ಹೇಳ್ರಿ, "ಮತ್ತಿ ಗಿಡ". ಆಮ್ಯಾಲ ಅದನ್ನ ಗಡಿಯಾರದ ಮುಖ ಅಂತ ತಿಳ್ಕೊಂಡು ಗಂಟಿ ಹೇಳ್ರಿ, "ಹತ್ತು ಗಂಟೆ". ಆಮ್ಯಾಲ ಟೊಂಗಿ, "ಒಣಾ ಟೊಂಗಿ, ತುದಿ". ಮೂರ ಮಾತಿನ್ಯಾಗ ಮುಗೀತು. ಕೈ ಎತ್ತಿ ತೋರಸಬ್ಯಾಡ್ರಿ, ಕೈ ಅಲಗಾಡಿದ್ರ ಹಕ್ಕಿಗೆ ಮೊದಲ ಕಾಣತೈತಿ. ಮತ್ತಿ ಗಿಡ ಯಾವುದು ಅಂದ್ರ ತೊಗಟಿ ಮೊಸಳಿ ಬೆನ್ನಿನಂಗ ಚೌಕ ಚೌಕ ಒಡದಿರತೈತಿ, ಮೊಲ್ಲೆಂದಾಗ ಎಲ್ಲಿ ನೋಡಿದ್ರೂ ಅದ ಗಿಡ. ಹಾವು ಕಾಟಿ ಕಂಡ್ರ ಮಾತ್ರ ಮಾತು ಬ್ಯಾಡ, ತೋಳು ಹಿಡಿದು ಒಂದ ಸಲ ಗಟ್ಟಿ ಒತ್ತೂದು, ಅಷ್ಟಕ್ಕ ಇಬ್ಬರೂ ಕಲ್ಲಿನಂಗ ನಿಂದರೂದು.

ಒಂಬತ್ತೂವರಿ ಹತ್ತರ ಹೊತ್ತಿಗೆ ಹಕ್ಕಿ ಕಡಿಮಿ ಆಗತಾವ, ಆಗ ಮಹಾದೇವರ ಗುಡಿಗೆ ಹೋಗ್ರಿ. ಕದಂಬರ ಕಾಲದ್ದು, 12-13ನೇ ಶತಮಾನ. ಗೋವಾದಾಗ ಅಷ್ಟು ಹಳೇ ಗುಡಿ ಇಷ್ಟು ಪೂರ್ತಿಯಾಗಿ ಉಳಿದದ್ದು ಬ್ಯಾರೆ ಇಲ್ಲ, ಕಾಡಿನ ಮೂಲ್ಯಾಗ ಇದ್ದದ್ದಕ್ಕ ಉಳೀತು ಅಂತಾರ. ಪೂರಾ ಕಲ್ಲಿಂದು, ಸಣ್ಣದು, ಮಂಟಪದ ಮ್ಯಾಲ್ಛಾವಣಿ ಒಳಗ ಕಮಲ ಕೆತ್ಯಾರ, ಒಂದು ಕಂಬದ ಬುಡಕ್ಕ ಆನಿ ಕುದುರಿನ ತುಳಿಯೂ ಕೆತ್ತನಿ ಐತಿ, ಬಗ್ಗಿ ನೋಡ್ರಿ, ಭಾಳ ಜನ ಸೆಲ್ಫಿ ಹೊಡಕೊಂಡು ಅದನ್ನ ನೋಡದ ಹೋಗ್ತಾರ. ಕಿತ್ತೂರ ಹತ್ರ ದೇಗಾವಿ ಕಮಲನಾರಾಯಣ ಗುಡಿ ನೋಡಿದವ್ರಿಗೆ ಇದು ಯಾವ ಮನೆತನದ್ದು ಅಂತ ಕೂಡಲೆ ಗುರುತು ಹತ್ತತೈತಿ, ಅದನ್ನೂ ಗೋವಾ ಕದಂಬರ ಕಟ್ಟಿಸಿದ್ದು. ಗೋವಾದಾಗ ದಿನಾ ನಾವು ಹತ್ತೂ ಸರಕಾರಿ ಬಸ್ಸಿನ ಮ್ಯಾಲ ಇರೂ ಕದಂಬ ಅನ್ನೂ ಹೆಸರೂ ಇವ್ರದ. ಬಾಜೂಕ ಹೊಳಿ ಹರೀತೈತಿ, ಕಾಲ ಚೆಲ್ಲಿ ಕೂಡ್ರಾಕ ಛಲೋ ಜಾಗ. ಶಿವರಾತ್ರಿಗೆ ಜಾತ್ರಿ, ಸೋಮವಾರ ಭಕ್ತರು ಹೆಚ್ಚು.

ಕಾಲಾಗ ಇನ್ನೂ ದಮ್ ಇದ್ರ ಗುಡಿ ಹಿಂದಿಂದ ಫಾಲ್ಸಿಗೆ ಕಾಡ ದಾರಿ ಐತಿ, ಹಳ್ಳ ದಾಟಬೇಕು, ಫಾರೆಸ್ಟ್ ಪರ್ಮಿಷನ್ ಮತ್ತ ಲೋಕಲ್ ಗೈಡ್ ಬೇಕ ಬೇಕು. ದಾರಿ ನೇರ ಕಾಣತೈತಿ ಅಂತ ಇಬ್ಬರ ಹೊಕ್ಕಬ್ಯಾಡ್ರಿ, ದನ ಅಡ್ಡಾಡೂ ದಾರಿ, ಕಾಟಿ ದಾರಿ, ಮನುಷ್ಯಾರ ದಾರಿ ಎಲ್ಲಾ ಒಂದ ಥರ ಇರತಾವ. ಗೈಡಿನ ರೊಕ್ಕ ಉಳಿಸೂದು ಉಳಿತಾಯ ಅಲ್ಲ. ಊರಿನ ಹುಡುಗ್ರಿಗೆ ಹಗಲಿನ್ಯಾಗ ಕಪ್ಪೆಬಾಯಿ ಹಕ್ಕಿ ಯಾವ ಟೊಂಗಿಗೆ ಮಲಗತೈತಿ ಅನ್ನೂದು ಗೊತ್ತಿರತೈತಿ, ಒಣಗಿದ ಎಲಿ ಗೊಂಚಲಿನಂಗ ಗಂಡು ಹೆಣ್ಣು ಅಂಟಿಕೊಂಡು ಕೂತಿರತಾವ, ನಾವ ನಾವ ಹೋದ್ರ ಕಣ್ಣ ಮುಂದ ಇದ್ರೂ ಕಾಣೂದಿಲ್ಲ. ಫ್ಲಾಶ್ ಮಾತ್ರ ಹೊಡೀಬ್ಯಾಡ್ರಿ.

ಅಂಜಬೇಕಾದ್ದು, ಅಂಜಬಾರದ್ದು

ಹುಲಿ ಕಾಣೂದಿಲ್ಲ, ಅದನ್ನ ಮನಸಿಂದ ತೆಗೀರಿ. ಇಲ್ಲ ಅಂತಲ್ಲ, ಬಾಜೂಕಿನ ಮಹದಾಯಿ ಅಭಯಾರಣ್ಯದಾಗ 2020ರ ಜನವರಿಯೊಳಗ ನಾಲ್ಕು ಹುಲಿ ಸತ್ತು ಬಿದ್ದದ್ದು ಪೇಪರಿನ್ಯಾಗ ಬಂದಿತ್ತು, ಆಮ್ಯಾಲ 2023ರಾಗ ಅದನ್ನ ಹುಲಿ ಮೀಸಲು ಮಾಡ್ರಿ ಅಂತ ಹೈಕೋರ್ಟ್ ಆದೇಶನೂ ಬಂತು. ಚಿರತಿ, ಕರಡಿ ಸುದ್ದಾ ಅದಾವ. ಆದ್ರ ಎರಡ ದಿನಕ್ಕ ಬಂದವ್ರಿಗೆ ಅವುಗಳ ಹೆಜ್ಜಿ ಸಿಕ್ರ ಅದ ದೊಡ್ಡದು. ಮಣ್ಣ ರಸ್ತಾದ ಬದಿ, ಹಳ್ಳದ ಉಸುಕು ನೋಡ್ಕೊಂಡ ನಡೀರಿ.

ಖರೇ ಹುಷಾರ ಇರಬೇಕಾದ್ದು ಕಾಟಿಗೆ. ಗೋವಾದ ರಾಜ್ಯ ಪ್ರಾಣಿ, ಇಲ್ಲಿಯವ್ರು ಗವೋ ರೆಡೋ ಅಂತಾರ. ಹಿಂಡು ಇದ್ರ ಸಾಮಾನ್ಯವಾಗಿ ತಲಿ ಎತ್ತಿ ನೋಡಿ ಸರದ ಹೋಗತಾವ, ಒಂಟಿ ಹೋರಿ ಮತ್ತ ಕರು ಇದ್ದ ತಾಯಿ ಮಾತ್ರ ಬ್ಯಾರೆ. ಅದು ನಿಂತು ನೋಡತಿದ್ರ ನೀವು ಓಡಬ್ಯಾಡ್ರಿ, ಕೂಗಬ್ಯಾಡ್ರಿ, ಮುಖ ಅದರ ಕಡೆ ಇಟ್ಟು ಹಿಂದಕ್ಕ ಸಾವಕಾಶ ಸರೀರಿ, ನಡುವ ಒಂದು ದೊಡ್ಡ ಗಿಡ ಬರೂ ಹಂಗ. ಫೋಟೋ ಆಮ್ಯಾಲ.

ಹಾವಿಗೆ ಕೈ ಕಾಲು ನೋಡಿ ಇಟ್ರ ಸಾಕು. ಗುಳಿಮಂಡಲ ಅಂತ ಹಸಿರು, ಕಂದು ಎಲ್ಲಾ ಬಣ್ಣದಾಗ ಬರತೈತಿ, ಟೊಂಗಿ ಮ್ಯಾಲ, ಕಲ್ಲಿನ ಮ್ಯಾಲ ಅಲಗಾಡದ ಕೂತಿರತೈತಿ. ಅದಕ್ಕ ಹತ್ತೂ ಮುಂದ ಟೊಂಗಿ ಹಿಡಿಯೂ ಚಟ ಬಿಡ್ರಿ. ಕಚ್ಚಿದ್ರ ಹಗ್ಗ ಕಟ್ಟೂದು, ಬ್ಲೇಡ್ ಹಾಕೂದು ಏನೂ ಬ್ಯಾಡ, ಕಚ್ಚಿದ ಭಾಗ ಅಲಗಾಡಸದ 108ಕ್ಕ ಫೋನ್ ಮಾಡಿ ಆಸ್ಪತ್ರಿಗೆ ಹೋಗೂದು. ನೆಟ್‌ವರ್ಕ್ ಎಲ್ಲಿ ಸಿಗತೈತಿ ಅನ್ನೂದನ್ನ ಹೋಗೂ ದಾರ್‍ಯಾಗ ನೋಡಿಟ್ಕೋರಿ. ನಮ್ಮ ದೇಶದ ಹಾವಿನ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕ ಮಾಡಿದ್ದು, ಗುಳಿಮಂಡಲಕ್ಕ ಅಲ್ಲ, ಅದಕ್ಕ ಕಚ್ಚಿಸ್ಕೋದ ಇರೂದ ಮೇಲು.

ಮತ್ತ ಉಣ್ಣಿ. ಇದನ್ನ ಜನ ಹಗುರಾಗಿ ತಗೋತಾರ, ತಗೋಬ್ಯಾಡ್ರಿ. ಉಣ್ಣಿ ಕಡದ್ರ ಮಂಗನ ಕಾಯಿಲೆ ಬರಬಹುದು. ಆ ಕಾಯಿಲೆ ಅಂದ್ರ ನಮಗ ಶಿವಮೊಗ್ಗದ್ದು ಅಂತ ಗೊತ್ತು, 1957ರಾಗ ಸೊರಬದ ಕ್ಯಾಸನೂರ ಕಾಡಿನ್ಯಾಗ ಮೊದಲ ಗೊತ್ತಾಗಿದ್ದು. ಅದು 2015ರಿಂದ ಗೋವಾದ ಸತ್ತರಿ ತಾಲೂಕಿನ್ಯಾಗೂ ಕಾಣಿಸ್ಕೊಂಡೈತಿ, ತಾಂಬ್ಡಿ ಸುರ್ಲಾಕ್ಕ ಅದು ಹತ್ರನ. ಡಿಸೆಂಬರ್‌ದಿಂದ ಮೇ ತನಕ ಹೆಚ್ಚು, ಅಂದ್ರ ನಾವು ತಿರಗಾಡೂ ಸೀಸನ್ನ ಅದು. ಒಣಾ ಎಲಿ ಮ್ಯಾಲ ಹಂಗ ಕೂಡಬ್ಯಾಡ್ರಿ, ಒಂದು ಶೀಟ್ ಹಾಸ್ರಿ, ಸಾಕ್ಸು ಬೂಟಿಗೆ ಹುಳ ಹತ್ತದಂಗ ಮಾಡೂ ಎಣ್ಣಿ ಹಚ್ರಿ. ಸತ್ತ ಮಂಗ್ಯಾ ಕಂಡ್ರ ಹತ್ರ ಹೋಗಬ್ಯಾಡ್ರಿ, ಚೆಕ್‌ಪೋಸ್ಟಿನ್ಯಾಗ ಹೇಳ್ರಿ.

ರೂಮಿಗೆ ಬಂದ ಮ್ಯಾಲ ಒಬ್ಬರ ಮೈ ಒಬ್ಬರು ನೋಡ್ರಿ, ಕಿವಿ ಹಿಂದ, ಕುತ್ತಿಗಿ, ಬಗಲು, ಮೊಣಕಾಲ ಸಂದು, ಇಲ್ಲೇ ಹತ್ತಿ ಕೂತಿರತಾವ. ಎಳ್ಳಿಗಿಂತ ಸಣ್ಣ ಮರಿ ಇರತಾವ, ಮಚ್ಚಿ ಅಂತ ತಿಳ್ಕೋಬ್ಯಾಡ್ರಿ. ಕಡ್ಡಿಪೆಟ್ಟಿಗಿ ಬೆಂಕಿ ಹಚ್ಚೂದು ಬ್ಯಾಡ, ಚಿಮಟಿಗಿಂದ ಚರ್ಮಕ್ಕ ಹತ್ತಿ ಹಿಡಿದು ನೇರ ಮ್ಯಾಲ ಎಳೀರಿ, ಸಾಬೂನ ಹಚ್ಚಿ ತೊಳೀರಿ. ಮನಿಗೆ ಬಂದ ಕೂಡಲೆ ಕಾಡಿನ ಬಟ್ಟಿ ಬ್ಯಾರೆ ಬುಟ್ಟಿಗೆ, ಬಿಸಿ ನೀರಿಗೆ. ಆಮ್ಯಾಲ ಒಂದು ವಾರ ಹತ್ತು ದಿನದ ಒಳಗ ಒಮ್ಮೆಲೆ ಜೋರು ಜ್ವರ, ತಲಿ ನೋವು, ಮೈ ಕೈ ನೋವು ಬಂದ್ರ ಮನ್ಯಾಗ ಮಾತ್ರಿ ನುಂಗಿ ಕೂಡ್ರದ ಡಾಕ್ಟರ ಹತ್ರ ಹೋಗ್ರಿ, ಹೋದ ಕೂಡಲೆ ಮೊದಲ ಮಾತು ಮೊಲ್ಲೆಂ ಕಾಡಿಗೆ ಹೋಗಿದ್ವಿ, ಉಣ್ಣಿ ಕಡದಿತ್ತು ಅಂತ ಹೇಳ್ರಿ. ಅವ್ರು ಕೇಳೂ ತನಕ ಕಾಯಬ್ಯಾಡ್ರಿ.